ಏಕಕಾಲಕ್ಕೆ ಎರಡೇ ಹಡಗು: ಡುಬ್ರೊವ್ನಿಕ್ ಪ್ರಕರಣ, ಆನೆಗೊಂದಿ ದಂಡೆಯಿಂದ

2016ರ ಆಗಸ್ಟ್‌ನ ಒಂದೇ ದಿನ ಕ್ರೊವೇಷಿಯಾದ ಡುಬ್ರೊವ್ನಿಕ್‌ನ ಕೋಟೆಗೋಡೆ ಹತ್ತುವುದಕ್ಕೆ 10,388 ಜನ ಟಿಕೆಟ್ ತೆಗೆದುಕೊಂಡರು. ಆ ಗೋಡೆಯ ಉದ್ದ 1,940 ಮೀಟರ್. ಎರಡು ಕಿಲೋಮೀಟರ್ ಕೂಡ ತುಂಬುವುದಿಲ್ಲ. ಮೇಲಿನ ದಾರಿ ಕೆಲವು ಕಡೆ ತುಂಬ ಕಿರಿದು. ಫೋಟೊ ತೆಗೆಯಲು ಒಬ್ಬರು ನಿಂತರೆ ಹಿಂದಿನವರೆಲ್ಲ ಬಿಸಿಲಲ್ಲಿ ನಿಲ್ಲಬೇಕು.

ಮೂರು ವರ್ಷದ ನಂತರ, 2019ರಲ್ಲಿ, ಆ ಊರು ಪ್ರವಾಸಿ ಹಡಗು ಕಂಪನಿಗಳ ಒಕ್ಕೂಟದ ಜೊತೆ ಕೂತು ಒಪ್ಪಂದ ಮಾಡಿಕೊಂಡಿತು. ಅಲ್ಲಿಂದ ಜಾರಿಗೆ ಬಂದ ಮಿತಿ ಇಷ್ಟು: ಏಕಕಾಲಕ್ಕೆ ಎರಡೇ ಹಡಗು, ಎರಡೂ ಸೇರಿ 4,000 ಪ್ರಯಾಣಿಕರು.

ಇದನ್ನು ನಾನು ಗಂಗಾವತಿಯಲ್ಲಿ ಕೂತು ಓದಿದ್ದಕ್ಕೆ ಕಾರಣ ಇದೆ. ನಮ್ಮ ಪಕ್ಕದಲ್ಲೇ ಆನೆಗೊಂದಿ, ಅಂಜನಾದ್ರಿ. ಇಲ್ಲಿ ಸಮುದ್ರ ಇಲ್ಲ, ಹಡಗೂ ಇಲ್ಲ. ಆದರೆ ಶನಿವಾರ ಬೆಳಿಗ್ಗೆ ಅಂಜನಾದ್ರಿ ಬುಡದಲ್ಲಿ ನಿಂತು ನೋಡಿದವರಿಗೆ ಡುಬ್ರೊವ್ನಿಕ್ ಬಾಗಿಲಲ್ಲಿ ಏನಾಯಿತು ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ಜನರನ್ನು ಬರಬೇಡಿ ಅನ್ನುವುದು ಬೇರೆ. ಎಲ್ಲರೂ ಒಂದೇ ತಾಸಿಗೆ ಬರಬೇಡಿ ಅನ್ನುವುದು ಬೇರೆ. ಡುಬ್ರೊವ್ನಿಕ್ ಮಾಡಿದ್ದು ಎರಡನೆಯದು. ನಮ್ಮ ಕಡೆ ಇದುವರೆಗೆ ಯಾರೂ ಗಟ್ಟಿಯಾಗಿ ಮಾಡದೇ ಇರುವುದೂ ಅದೇ.

ಊರು ಎಂಥದ್ದು

ಡುಬ್ರೊವ್ನಿಕ್ ಇರುವುದು ಕ್ರೊವೇಷಿಯಾ ದೇಶದಲ್ಲಿ, ಆಡ್ರಿಯಾಟಿಕ್ ಸಮುದ್ರದ ದಂಡೆಯ ಮೇಲೆ. ಇಡೀ ನಗರದ ಜನಸಂಖ್ಯೆ ಸುಮಾರು 41 ಸಾವಿರ. ನಮ್ಮ ಗಂಗಾವತಿಯೇ ಅದಕ್ಕಿಂತ ಎರಡು ಪಟ್ಟಿಗೂ ದೊಡ್ಡದು. ಗೋಡೆಯೊಳಗಿನ ಹಳೇ ಊರಂತೂ ಇನ್ನೂ ಚಿಕ್ಕದು. ಸ್ಟ್ರಾಡುನ್ ಅನ್ನುವ ಮುಖ್ಯ ಬೀದಿಯ ಉದ್ದ ಸುಮಾರು 300 ಮೀಟರ್. ಎರಡೂ ಕಡೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಓಣಿಗಳು. ಪಶ್ಚಿಮಕ್ಕೆ ಪಿಲೆ ಬಾಗಿಲು, ಪೂರ್ವಕ್ಕೆ ಪ್ಲೊಚೆ, ಉತ್ತರಕ್ಕೆ ಬುಜಾ.

ಮೊದಲು ಇದು ರಗೂಸಾ ಅನ್ನುವ ಸ್ವತಂತ್ರ ಗಣರಾಜ್ಯ. ಹಡಗು ವ್ಯಾಪಾರದಿಂದಲೇ ಬದುಕಿದ ಊರು. ನಮ್ಮ ತುಂಗಭದ್ರೆಯ ಆಚೆ ದಂಡೆಯಲ್ಲಿ ವಿಜಯನಗರ ಎದ್ದು ನಿಲ್ಲುತ್ತಿದ್ದ ಕಾಲಕ್ಕೆ ಅಲ್ಲೂ ಗೋಡೆ ಕಟ್ಟುವ ಕೆಲಸ ನಡೆದಿತ್ತು. 1667ರ ಭೂಕಂಪದಲ್ಲಿ ಊರಿನ ಬಹುಪಾಲು ಕುಸಿಯಿತು, ಮತ್ತೆ ಕಟ್ಟಿಕೊಂಡರು. 1808ರಲ್ಲಿ ನೆಪೋಲಿಯನ್‌ನ ಸೈನ್ಯ ಗಣರಾಜ್ಯವನ್ನೇ ಮುಗಿಸಿತು. 1979ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. 1991ರ ಯುದ್ಧದಲ್ಲಿ ಊರಿನ ಮೇಲೆ ಶೆಲ್ ಬಿದ್ದವು. ಆ ವರ್ಷವೇ ಯುನೆಸ್ಕೊ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿ, 1998ರಲ್ಲಿ ತೆಗೆಯಿತು.

ಅದೇ ಪಟ್ಟಿಯಲ್ಲಿ ನಮ್ಮ ಹಂಪಿ ಕೂಡ 1999ರಿಂದ 2006ರವರೆಗೆ ಇತ್ತು. ಇಲ್ಲಿ ಕಾರಣ ಶೆಲ್ ಅಲ್ಲ, ಸೇತುವೆ. ಆನೆಗೊಂದಿಗೆ ಒಂದು, ಹೊಳೆ ನಡುವಿನ ವಿರೂಪಾಪುರ ಗಡ್ಡೆಗೆ ಒಂದು ಕಟ್ಟಲು ಹೊರಟಿದ್ದೇ ತಕರಾರಾಯಿತು. ಆನೆಗೊಂದಿ ಸೇತುವೆ 2009ರ ಜನವರಿಯಲ್ಲಿ ಕಟ್ಟುವಾಗಲೇ ಕುಸಿದು, ಕೆಲಸದವರ ಜೀವ ಹೋಯಿತು. ಆ ಸೇತುವೆಗಾಗಿ ವರ್ಷಗಟ್ಟಲೆ ಕಾದ ಹಳ್ಳಿಗಳ ಜನರ ಕಷ್ಟ ಎಷ್ಟಿತ್ತು ಅನ್ನುವುದು ಪರಂಪರೆಯ ಚರ್ಚೆಯಲ್ಲಿ ಯಾವಾಗಲೂ ಕೊನೆಗೆ ಬರುತ್ತದೆ. ಅದು ಮೊದಲೇ ಬರಬೇಕಿತ್ತು ಅಂತ ನನಗೆ ಅನ್ನಿಸುತ್ತದೆ.

ತೊಂದರೆ ಎಷ್ಟು ಜನ ಅನ್ನುವುದರಲ್ಲಿ ಇರಲಿಲ್ಲ

2016ರಲ್ಲಿ ಡುಬ್ರೊವ್ನಿಕ್‌ಗೆ ಹಡಗಿನಲ್ಲಿ ಬಂದವರು ಸುಮಾರು 8 ಲಕ್ಷ. ಈ ಲೆಕ್ಕ ಕೇಳಿ ನಮ್ಮವರು ಅಷ್ಟೇನಾ ಅನ್ನುತ್ತಾರೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಪ್ರತಿ ಜನವರಿ ಎಷ್ಟು ಲಕ್ಷ ಜನ ಸೇರುತ್ತಾರೆ ಅನ್ನುವುದು ಕಣ್ಣಾರೆ ಕಂಡವರಿಗೆ 8 ಲಕ್ಷ ಒಂದು ದೊಡ್ಡ ಮಾತಲ್ಲ. ಆದರೆ ಜಾತ್ರೆಗೆ ಬಯಲಿದೆ, ದಾಸೋಹ ಹಲವು ದಿನ ನಡೆಯುತ್ತದೆ, ಊರೇ ಒಂದಾಗಿ ನಿಲ್ಲುತ್ತದೆ. ಡುಬ್ರೊವ್ನಿಕ್‌ನಲ್ಲಿ ಇರುವುದು 300 ಮೀಟರ್ ಬೀದಿ.

ಅಲ್ಲಿ ಒಂದು ದಿನ ಹೇಗೆ ನಡೆಯುತ್ತಿತ್ತು ನೋಡಿ. ಹಡಗುಗಳು ರಾತ್ರಿ ಪ್ರಯಾಣ ಮಾಡಿ ಬೆಳಿಗ್ಗೆ ಬಂದು ನಿಲ್ಲುತ್ತವೆ. ನಿಲ್ಲುವ ಜಾಗ ಗ್ರುಜ್ ಬಂದರು. ಅಲ್ಲಿಂದ ಹಳೇ ಊರು ಸುಮಾರು ಮೂರು ಕಿಲೋಮೀಟರ್. ಎಲ್ಲ ಹಡಗುಗಳೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಬಂದರೆ, ಎಲ್ಲರೂ ಒಂದೇ ಹೊತ್ತಿಗೆ ಬಸ್ ಹತ್ತಿ ಪಿಲೆ ಬಾಗಿಲ ಮುಂದೆ ಇಳಿಯುತ್ತಾರೆ. ಕೈಯಲ್ಲಿ ಬಾವುಟ ಹಿಡಿದ ಗೈಡ್, ಹಿಂದೆ ಐವತ್ತು ಜನ. ಅವರ ಹಿಂದೆ ಇನ್ನೊಂದು ಬಾವುಟ. ಬಾಗಿಲ ಮುಂದಿನ ಸಣ್ಣ ಸೇತುವೆಯ ಮೇಲೆ ಒಳಗೆ ಹೋಗುವವರು, ಹೊರಗೆ ಬರುವವರು ಎದುರುಬದುರು ಸಿಕ್ಕಿಕೊಳ್ಳುತ್ತಾರೆ. ಕೆಲವೇ ತಾಸು. ಊಟದ ಹೊತ್ತಿಗೆ ಬಹಳಷ್ಟು ಜನ ವಾಪಸ್ ಹಡಗಿಗೆ. ಊಟಕ್ಕೆ ಮೊದಲೇ ಹಣ ಕಟ್ಟಿರುತ್ತಾರಲ್ಲ, ಊರಿನಲ್ಲಿ ಯಾಕೆ ತಿನ್ನಬೇಕು? ಸಂಜೆ ಹಡಗು ಹೊರಟರೆ ಬೀದಿ ಖಾಲಿ.

ಹೀಗಾಗಿ ವರ್ಷದ ಲೆಕ್ಕ ನೋಡಿದರೆ ತೊಂದರೆ ಕಾಣುವುದೇ ಇಲ್ಲ. ದಿನದ ಲೆಕ್ಕದಲ್ಲೂ ಪೂರ್ತಿ ಕಾಣುವುದಿಲ್ಲ. ತಾಸಿನ ಲೆಕ್ಕ ಹಾಕಿದಾಗ ಕಾಣುತ್ತದೆ.

ಯುನೆಸ್ಕೊ ಕಡೆಯಿಂದ 2015ರಲ್ಲಿ ಬಂದ ತಜ್ಞರ ತಂಡ ಇದನ್ನೇ ಹಿಡಿಯಿತು. ಹಳೇ ಊರಿನಲ್ಲಿ ಒಂದೇ ಹೊತ್ತಿಗೆ 8,000 ಜನರಿಗಿಂತ ಜಾಸ್ತಿ ಇರಬಾರದು ಅಂತ ಸಲಹೆ ಕೊಟ್ಟಿತು. ‘ಒಂದೇ ಹೊತ್ತಿಗೆ’ ಅನ್ನುವ ಆ ಮಾತಿನಲ್ಲೇ ಮುಂದಿನ ಕೆಲಸದ ದಾರಿ ಇತ್ತು.

ಏನು ಮಾಡಿದರು

ಮೊದಲು ಎಣಿಸಿದರು. ಹಳೇ ಊರಿನ ಬಾಗಿಲುಗಳಲ್ಲಿ ಕ್ಯಾಮೆರಾ ಹಾಕಿ, ಒಳಗೆ ಎಷ್ಟು ಜನ ಹೋದರು, ಎಷ್ಟು ಜನ ಹೊರಗೆ ಬಂದರು ಅಂತ ಲೆಕ್ಕ ಇಡತೊಡಗಿದರು. ಜನರ ಹೆಸರು, ಮುಖ ಬೇಕಿರಲಿಲ್ಲ, ಸಂಖ್ಯೆ ಸಾಕಿತ್ತು. ಈ ಕೆಲಸ ಸುದ್ದಿಯಾಗುವಂಥದ್ದಲ್ಲ. ಆದರೆ ಇಡೀ ಪ್ರಕರಣದಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ್ದು ಇದೇ. ಲೆಕ್ಕ ಇಲ್ಲದಿದ್ದರೆ ಅಂಗಡಿಯವರು ‘ಜನ ಎಲ್ಲಿದ್ದಾರೆ’ ಅನ್ನುತ್ತಾರೆ, ಮನೆಯವರು ‘ಕಾಲಿಡಲು ಜಾಗ ಇಲ್ಲ’ ಅನ್ನುತ್ತಾರೆ. ಇಬ್ಬರೂ ಕಂಡದ್ದನ್ನೇ ಹೇಳುತ್ತಿರುತ್ತಾರೆ, ಬೇರೆ ಬೇರೆ ತಾಸಿನದ್ದು.

2017ರಲ್ಲಿ ಮಾತೊ ಫ್ರಾಂಕೊವಿಚ್ ಮೇಯರ್ ಆದರು. ಯುನೆಸ್ಕೊ ಹೇಳಿದ 8,000ದ ಅರ್ಧಕ್ಕೆ, ಅಂದರೆ 4,000ಕ್ಕೆ ತರುತ್ತೇವೆ ಅಂದರು. ‘ನಗರವನ್ನು ಗೌರವಿಸಿ’ ಅನ್ನುವ ಅರ್ಥದ ಹೆಸರಿಟ್ಟು ಯೋಜನೆ ಶುರು ಮಾಡಿದರು. ಆದರೆ ಮರುದಿನವೇ ಹಡಗು ನಿಲ್ಲಿಸಲು ಆಗಲಿಲ್ಲ. ಪ್ರವಾಸಿ ಹಡಗುಗಳು ಬಂದರಿನಲ್ಲಿ ಜಾಗವನ್ನು ಸುಮಾರು ಎರಡು ವರ್ಷ ಮೊದಲೇ ಬುಕ್ ಮಾಡಿರುತ್ತವೆ. ಟಿಕೆಟ್ ಮಾರಾಟವೂ ಆಗಿರುತ್ತದೆ. ಹಾಗಾಗಿ 2017ರಲ್ಲಿ ಆಡಿದ ಮಾತು ನೆಲಕ್ಕೆ ಬಂದದ್ದು 2019ಕ್ಕೆ. ನಡುವಿನ ಕಾಲದಲ್ಲಿ ಹಡಗು ಕಂಪನಿಗಳ ಜೊತೆ ಕೂತು ವೇಳಾಪಟ್ಟಿ ಹರಡಿದರು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಶನಿವಾರದ್ದನ್ನು ಬೇರೆ ದಿನಕ್ಕೆ.

ಇದರ ಜೊತೆಗೆ ಹಡಗು ಕನಿಷ್ಠ ಎಂಟು ತಾಸು ನಿಲ್ಲಬೇಕು ಅನ್ನುವ ಷರತ್ತೂ ಬಂತು. ಮೊದಲು ಕೇಳಿದಾಗ ಇದು ತಿರುಗಾಮುರುಗಾ ಅನ್ನಿಸುತ್ತದೆ. ಜನಜಂಗುಳಿ ಕಡಿಮೆ ಮಾಡಬೇಕು ಅನ್ನುವವರು ಜಾಸ್ತಿ ಹೊತ್ತು ಇರಿ ಅನ್ನುವುದೇ? ಆದರೆ ಎಂಟು ತಾಸು ಇದೆ ಅಂದಾಗ ಯಾರೂ ಓಡುವುದಿಲ್ಲ. ಕೆಲವರು ಬೆಳಿಗ್ಗೆ ಇಳಿಯುತ್ತಾರೆ, ಕೆಲವರು ಮಧ್ಯಾಹ್ನ. ಹಸಿವಾದರೆ ಊರಿನಲ್ಲೇ ತಿನ್ನುತ್ತಾರೆ. ಒಂದು ಷರತ್ತಿನಿಂದ ನೂಕುನುಗ್ಗಲೂ ತಗ್ಗುತ್ತದೆ, ವ್ಯಾಪಾರವೂ ಆಗುತ್ತದೆ.

ಪಿಲೆ ಬಾಗಿಲ ಬಳಿ ಪ್ರವಾಸಿ ಬಸ್ಸುಗಳು ಜನರನ್ನು ಇಳಿಸುವುದಕ್ಕೂ ಮುಂಚೆಯೇ ಸಮಯ ಕಾಯ್ದಿರಿಸಬೇಕು ಅನ್ನುವ ವ್ಯವಸ್ಥೆ ಬಂತು. ಬೀದಿಯಲ್ಲಿದ್ದ ಸ್ಮರಣಿಕೆ ಅಂಗಡಿಗಳನ್ನು, ಹೋಟೆಲ್‌ಗಳ ಹೊರಗಿನ ಟೇಬಲ್‌ಗಳನ್ನು ಕಡಿಮೆ ಮಾಡಿಸಿದರು. ಇದರಿಂದ ನಗರಸಭೆಗೇ ಬರುವ ಬಾಡಿಗೆ ಕಡಿಮೆಯಾಯಿತು. ತನ್ನ ವರಮಾನ ಬಿಟ್ಟುಕೊಟ್ಟ ಆಡಳಿತಕ್ಕೆ ಹಡಗು ಕಂಪನಿಯ ಎದುರು ಕೂತು ಮಾತಾಡುವಾಗ ಧೈರ್ಯ ಇರುತ್ತದೆ.

ಈ ಊರಿಗೆ ಹಡಗು ಕಾಯಿಸುವುದು ಹೊಸದೂ ಅಲ್ಲ. 1377ರಲ್ಲೇ ಇಲ್ಲಿನ ಸಭೆ ಒಂದು ಕಟ್ಟಳೆ ತಂದಿತ್ತು. ಪ್ಲೇಗ್ ಇರುವ ಕಡೆಯಿಂದ ಬಂದವರು ಹತ್ತಿರದ ದ್ವೀಪದಲ್ಲೋ ಪಕ್ಕದ ಊರಿನಲ್ಲೋ 30 ದಿನ ಇದ್ದು ಆಮೇಲೆ ಒಳಗೆ ಬರಬೇಕು. ವ್ಯಾಪಾರದಿಂದ ಬದುಕುವ ಊರು ವ್ಯಾಪಾರ ನಿಲ್ಲಿಸಲಿಲ್ಲ, ಬರುವ ಹೊತ್ತನ್ನು ಮಾತ್ರ ಮುಂದೂಡಿತು. ಆ ಕಟ್ಟಳೆಯನ್ನು ವೈದ್ಯಕೀಯ ಇತಿಹಾಸದವರು ಇಂದಿಗೂ ನೆನೆಯುತ್ತಾರೆ.

ನಮ್ಮ ಭಾಗದ ರೈತರಿಗೆ ಇದು ಬೇಗ ಅರ್ಥವಾಗುವ ಸಂಗತಿ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಕಡಿಮೆ ಇದ್ದಾಗ ಸರದಿ ಹಾಕುತ್ತಾರೆ. ಕೆಲವು ದಿನ ಈ ವಿತರಣಾ ಕಾಲುವೆ, ಕೆಲವು ದಿನ ಆ ಕಾಲುವೆ. ಎಲ್ಲರೂ ಒಂದೇ ದಿನ ತೂಬು ಎತ್ತಿದರೆ ಮೇಲಿನವರ ಗದ್ದೆ ತುಂಬಿ ಹರಿಯುತ್ತದೆ, ಕೊನೆ ಭಾಗದವರಿಗೆ ಹನಿ ಸಿಗುವುದಿಲ್ಲ. ಡುಬ್ರೊವ್ನಿಕ್ ಹಡಗುಗಳಿಗೆ ಹಾಕಿದ್ದು ಇಂಥದ್ದೇ ಸರದಿ. ಗೋಡೆಯೊಳಗೆ ವಾಸ ಮಾಡುವವರೇ ಅಲ್ಲಿನ ಕೊನೆ ಭಾಗದವರು.

ಆಗದೇ ಉಳಿದದ್ದು

ಆ ಕೊನೆ ಭಾಗದವರ ಕಥೆ ಅಷ್ಟು ಚೆನ್ನಾಗಿಲ್ಲ. 1991ರಲ್ಲಿ ಹಳೇ ಊರಿನಲ್ಲಿ ಸುಮಾರು 5,000 ಜನ ವಾಸವಿದ್ದರು. ಈಗ 1,500ರ ಆಸುಪಾಸು. ಹಡಗು ಎರಡಾದ ಮೇಲೂ ಅವರು ವಾಪಸ್ ಬರಲಿಲ್ಲ. ಯಾಕೆಂದರೆ ಅವರನ್ನು ಓಡಿಸಿದ್ದು ಹಡಗೊಂದೇ ಅಲ್ಲ, ಬಾಡಿಗೆ. ಮನೆಯನ್ನು ಪ್ರವಾಸಿಗಳಿಗೆ ದಿನದ ಲೆಕ್ಕದಲ್ಲಿ ಕೊಟ್ಟರೆ ಬರುವ ಹಣ, ಒಂದು ಕುಟುಂಬಕ್ಕೆ ತಿಂಗಳ ಬಾಡಿಗೆಗೆ ಕೊಟ್ಟರೆ ಬರುವುದಿಲ್ಲ. ಕಿರಾಣಿ ಅಂಗಡಿ ಹೋಗಿ ಐಸ್‌ಕ್ರೀಮ್ ಅಂಗಡಿ ಬರುತ್ತದೆ. ಮಕ್ಕಳಿರುವ ಮನೆಯವರು ಒಬ್ಬೊಬ್ಬರಾಗಿ ಹೊರಗೆ ಹೋಗುತ್ತಾರೆ. ಹಳೇ ಊರಿನಲ್ಲಿ ಹೊಸ ಬಾಡಿಗೆ ಪರವಾನಗಿಗಳಿಗೆ ತಡೆ ಹಾಕುವ ಹೆಜ್ಜೆಯನ್ನು ನಗರ ತೆಗೆದುಕೊಂಡದ್ದು ತಡವಾಗಿ, 2024ರ ಹೊತ್ತಿಗೆ. ಹಡಗನ್ನು ತಡೆದಷ್ಟು ಸುಲಭವಲ್ಲ ಇದು. ಹಡಗು ಹೊರಗಿನವರದ್ದು, ಬಾಡಿಗೆ ಮನೆ ನಮ್ಮವರದ್ದೇ ಅಲ್ವಾ?

ಬೇರೆ ಊರುಗಳು ಬೇರೆ ದಾರಿ ಹಿಡಿದವು. ವೆನಿಸ್‌ನಲ್ಲಿ 2019ರ ಜೂನ್‌ನಲ್ಲಿ ದೊಡ್ಡ ಹಡಗೊಂದು ದಡಕ್ಕೆ, ಪಕ್ಕದ ದೋಣಿಗೆ ಗುದ್ದಿತು. 2021ರ ಆಗಸ್ಟ್‌ನಿಂದ ದೊಡ್ಡ ಹಡಗುಗಳು ಊರಿನ ನಡುವಿನ ನೀರುದಾರಿಗೆ ಬರದಂತೆ ಇಟಲಿ ಸರ್ಕಾರ ತಡೆಯಿತು. 2024ರ ಏಪ್ರಿಲ್‌ನಿಂದ ಕೆಲವು ದಿನಗಳಲ್ಲಿ, ಉಳಿಯದೆ ಹೋಗುವ ಪ್ರವಾಸಿಗಳಿಗೆ 5 ಯೂರೊ ಪ್ರವೇಶ ಶುಲ್ಕವನ್ನೂ ವೆನಿಸ್ ಹಾಕಿತು. ಅಲಾಸ್ಕಾದ ಜುನೊ ಪಟ್ಟಣ 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗು ಅಂದಿತು.

ನಮ್ಮ ದಂಡೆ

ಆನೆಗೊಂದಿ, ಅಂಜನಾದ್ರಿ, ಸಾಣಾಪುರ, ವಿರೂಪಾಪುರ ಗಡ್ಡೆ ಇವೆಲ್ಲ ಕೊಪ್ಪಳ ಜಿಲ್ಲೆಯಲ್ಲಿವೆ. ಹಂಪಿ ಹೊಳೆಯ ಆಚೆಗೆ, ಈಗಿನ ವಿಜಯನಗರ ಜಿಲ್ಲೆಯಲ್ಲಿ. ಎರಡು ಜಿಲ್ಲಾಡಳಿತ, ಒಂದೇ ಪರಂಪರೆ ಪ್ರದೇಶ, ನಡುವೆ ಒಂದು ಪ್ರಾಧಿಕಾರ.

ಈ ದಂಡೆಯಲ್ಲಿ ಮಿತಿ ಹೇರಿದ ದೊಡ್ಡ ಪ್ರಸಂಗ ಅಂದರೆ ವಿರೂಪಾಪುರ ಗಡ್ಡೆ. ವರ್ಷಗಟ್ಟಲೆ ಅಲ್ಲಿ ರೆಸಾರ್ಟ್‌ಗಳು ಬೆಳೆದವು. ವಿದೇಶಿಯರು ಬಂದರು, ಸುತ್ತಲಿನ ಹುಡುಗರಿಗೆ ಕೆಲಸ ಸಿಕ್ಕಿತು. ಅದು 1988ರಲ್ಲೇ ಸಂರಕ್ಷಿತ ಅಂತ ಅಧಿಸೂಚನೆ ಆದ ಪ್ರದೇಶ. ಹೈಕೋರ್ಟ್ 2015ರಲ್ಲಿ ತೆರವು ಸರಿ ಅಂದಿತು. 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಜೆಸಿಬಿ ಬಂದವು. ಕಾನೂನಿನ ಪ್ರಕಾರ ತೀರ್ಪು ಸರಿ, ಅದರಲ್ಲಿ ನನಗೆ ಅನುಮಾನ ಇಲ್ಲ. ನೋವಾಗುವುದು ಅದಕ್ಕೂ ಹಿಂದಿನ ವರ್ಷಗಳ ಬಗ್ಗೆ. ಎಷ್ಟು ಕೋಣೆ ಇರಬಹುದು, ಎಷ್ಟು ಜನ ಉಳಿಯಬಹುದು ಅಂತ ಯಾರೂ ಲೆಕ್ಕ ಇಟ್ಟು ಹೇಳಲಿಲ್ಲ. ಮೊದಲು ಏನೂ ಇಲ್ಲ, ಆಮೇಲೆ ಎಲ್ಲವೂ ಒಮ್ಮೆಲೇ. ಗಡ್ಡೆ ಖಾಲಿಯಾಯಿತು, ಪ್ರವಾಸಿಗಳು ಸಾಣಾಪುರದ ಕಡೆ ಸರಿದರು. ತೊಂದರೆ ಜಾಗ ಬದಲಿಸಿತು, ಅಷ್ಟೇ.

ಅಂಜನಾದ್ರಿಯ ಕಥೆ ಬೇರೆ. ಹನುಮ ಹುಟ್ಟಿದ ಬೆಟ್ಟ ಅನ್ನುವ ನಂಬಿಕೆ. 575 ಮೆಟ್ಟಿಲು. 2022–23ರ ರಾಜ್ಯ ಬಜೆಟ್‌ನಲ್ಲಿ ಇದರ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಘೋಷಣೆಯಾಯಿತು. ಡಿಸೆಂಬರ್‌ನಲ್ಲಿ ಹನುಮಮಾಲೆ ಧರಿಸಿದವರು ಸಾವಿರ ಸಾವಿರ ಸಂಖ್ಯೆಯಲ್ಲಿ ಬಂದು ಮಾಲೆ ವಿಸರ್ಜಿಸುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ದೇವಸ್ಥಾನಗಳಿಗೆ ಹೋಗುವ ಬಸ್ಸುಗಳಲ್ಲಿ ಹೆಣ್ಣುಮಕ್ಕಳು ತುಂಬಿಕೊಂಡು ಬರುತ್ತಾರೆ. ಜೀವನದಲ್ಲಿ ಒಮ್ಮೆಯೂ ಹೊರಗೆ ಹೋಗದವರು, ಮನೆಯಲ್ಲಿ ಬಸ್ ಚಾರ್ಜಿಗೆ ಕೈಯೊಡ್ಡಬೇಕಾಗಿದ್ದವರು. ಅವರನ್ನು ‘ಜಂಗುಳಿ’ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಅದಕ್ಕೇ ವೆನಿಸ್‌ನ ಶುಲ್ಕದ ದಾರಿ ನಮಗೆ ಬೇಡ ಅನ್ನುತ್ತೇನೆ. ಕಾರಿನಲ್ಲಿ ಬಂದವರು ಐನೂರು ರೂಪಾಯಿ ಕೊಟ್ಟು ಒಳಗೆ ಹೋಗುತ್ತಾರೆ. ಬಸ್ಸಿನಲ್ಲಿ ಬಂದ ಅಜ್ಜಿ ಕೆಳಗೆ ನಿಂತು ಕೈ ಮುಗಿದು ವಾಪಸ್ ಹೋಗುತ್ತಾಳೆ. ಡುಬ್ರೊವ್ನಿಕ್‌ನ ಸರದಿಯಲ್ಲಿ ಆ ಅನ್ಯಾಯ ಇಲ್ಲ.

ಈ ಪ್ರಕರಣವನ್ನು ನಾನು ಕಾಲೇಜಿನಲ್ಲಿ ಪಾಠವಾಗಿ ತೆಗೆದುಕೊಂಡೆ. ಆನೆಗೊಂದಿ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು, ‘ಸರ್, ಅಲ್ಲಿ ಹಡಗು ಎರಡು ವರ್ಷ ಮೊದಲ ಬುಕ್ ಆಗ್ತಾವು. ನಮ್ಮಲ್ಲಿ ಮಂದಿ ರಾತ್ರಿ ಕುಂತು, ನಡೀರಿ ನಾಳೆ ಅಂಜನಾದ್ರಿಗೆ ಹೋಗೂಣು ಅಂತಾರ. ಅವ್ರಿಗೆ ಸರದಿ ಹಾಕೋದು ಹೆಂಗ್ರೀ?’ ಅಂದಳು. ಈ ಪ್ರಕರಣದ ಬಗ್ಗೆ ನಾನು ಕೇಳಿದ ಒಳ್ಳೆಯ ಪ್ರಶ್ನೆ ಇದು.

ಉತ್ತರ ದಾರಿಯಲ್ಲಿದೆ. ಡುಬ್ರೊವ್ನಿಕ್ ಜನರನ್ನು ಗೋಡೆಯ ಬುಡದಲ್ಲಿ ತಡೆಯಲಿಲ್ಲ, ಮೂರು ಕಿಲೋಮೀಟರ್ ಹಿಂದೆ ಬಂದರಿನಲ್ಲೇ ಸರದಿಗೆ ಹಾಕಿತು. ನಮ್ಮ ಬಂದರು ಅಂದರೆ ಪಾರ್ಕಿಂಗ್. ಅಂಜನಾದ್ರಿಗೆ ಬರುವ ಮುಖ್ಯ ದಾರಿ ಮೂರೇ: ಗಂಗಾವತಿಯಿಂದ, ಮುನಿರಾಬಾದ್–ಸಾಣಾಪುರ ಕಡೆಯಿಂದ, ಕಡೇಬಾಗಿಲು ಸೇತುವೆ ದಾಟಿ ಬುಕ್ಕಸಾಗರದ ಕಡೆಯಿಂದ. ಕಾರು, ಟೆಂಪೊಗಳನ್ನು ಬೆಟ್ಟದ ಬುಡದವರೆಗೆ ಬಿಟ್ಟ ಮೇಲೆ ಯಾವ ಪೊಲೀಸರಿಂದಲೂ ಏನೂ ಆಗುವುದಿಲ್ಲ. ಮೂರೂ ದಾರಿಯಲ್ಲಿ ಒಂದೆರಡು ಕಿಲೋಮೀಟರ್ ಮೊದಲೇ ನಿಲ್ಲಿಸಿ, ಅಲ್ಲಿಂದ ಸಾರಿಗೆ ಸಂಸ್ಥೆಯ ಬಸ್ಸು ಬಿಟ್ಟರೆ ಬಸ್ಸಿನ ಓಡಾಟವೇ ಸರದಿ. ಹತ್ತು ನಿಮಿಷಕ್ಕೆ ಒಂದು ಬಸ್ಸು ಅಂದರೆ ತಾಸಿಗೆ ಎಷ್ಟು ಜನ ಮೆಟ್ಟಿಲ ಬುಡಕ್ಕೆ ಬರುತ್ತಾರೆ ಅನ್ನುವುದು ಗೊತ್ತಿರುತ್ತದೆ. ಯಾರಿಗೂ ಬರಬೇಡಿ ಅಂದಂತೆ ಆಗುವುದಿಲ್ಲ. ಕಾಯುವವರು ಕಾಯುವ ಹೊತ್ತಿನಲ್ಲಿ ಆನೆಗೊಂದಿ ಊರೊಳಗೆ ಹೋಗಬಹುದು. ಗಗನ ಮಹಲ್ ಇದೆ, ರಂಗನಾಥಸ್ವಾಮಿ ಗುಡಿ ಇದೆ, ಬಾಳೆ ನಾರಿನಿಂದ ಚೀಲ, ಬುಟ್ಟಿ ಮಾಡುವ ಹೆಣ್ಣುಮಕ್ಕಳಿದ್ದಾರೆ. ಬೆಟ್ಟ ಹತ್ತಿ ಇಳಿದು ಸೀದಾ ಹೊರಡುವ ಕಾರಿನಿಂದ ಇವರಿಗೆ ಒಂದು ರೂಪಾಯಿ ಲಾಭ ಇಲ್ಲ.

ಬೆಟ್ಟದ ಬುಡದಲ್ಲಿ ಕಾಯಿ, ಹೂವು, ಮಂಡಕ್ಕಿ ಮಾರುವವರ ಜೊತೆ ಮೊದಲು ಕೂರಬೇಕು. ಪಾರ್ಕಿಂಗ್ ಹಿಂದಕ್ಕೆ ಹೋದರೆ ಅವರ ವ್ಯಾಪಾರವೂ ಹಿಂದಕ್ಕೆ ಹೋಗುತ್ತದೆ. ಅಲ್ಲಿ ಅವರಿಗೆ ಜಾಗ ಕೊಟ್ಟ ಮೇಲೆ ಬಸ್ಸು ಶುರು ಮಾಡಬೇಕು, ಮೊದಲಲ್ಲ. ಗಡ್ಡೆಯಲ್ಲಿ ಕೆಲಸ ಕಳೆದುಕೊಂಡವರ ಮನೆಗಳು ಈ ಸುತ್ತಿನಲ್ಲೇ ಇವೆ. ಇನ್ನೊಮ್ಮೆ ಯಾರೂ ಅವರಿಗೆ ಜೆಸಿಬಿ ಶಬ್ದದಿಂದ ಸುದ್ದಿ ಮುಟ್ಟಿಸಬಾರದು.

ಒಂದು ವಿಷಯದಲ್ಲಿ ಮಾತ್ರ ಡುಬ್ರೊವ್ನಿಕ್ ನಮಗೆ ಸಹಾಯ ಮಾಡುವುದಿಲ್ಲ. ಅಲ್ಲಿ ಬೆಳಗಿನ ಜನರನ್ನು ಮಧ್ಯಾಹ್ನಕ್ಕೆ ಸರಿಸಿದರು. ಏಪ್ರಿಲ್‌ನಲ್ಲಿ ನಮ್ಮ ಬಂಡೆಗಳ ಮೇಲೆ ಮಧ್ಯಾಹ್ನ ಬರಿಗಾಲು ಇಡಲು ಆಗುವುದಿಲ್ಲ. ಹರಿಗೋಲು ಹಾಕುವ ಹಿರಿಯರೊಬ್ಬರ ಹತ್ತಿರ ಈ ಸರದಿಯ ಮಾತು ತೆಗೆದಾಗ ಅವರು ಕೇಳಿದ್ದೂ ಅದನ್ನೇ: ‘ಮಧ್ಯಾಹ್ನದ ಮಂದಿಗೆ ನೆಳ್ಳು ಎಲ್ಲೈತ್ರೀ?’ ಹಾಗಾಗಿ ನಮ್ಮ ಸರದಿ ಎರಡು ತುಂಡಾಗಬೇಕು. ನಸುಕಿನಿಂದ ಹತ್ತರವರೆಗೆ ಒಂದು, ಸಂಜೆ ನಾಲ್ಕರಿಂದ ಕತ್ತಲಾದ ಮೇಲೂ ಸ್ವಲ್ಪ ಹೊತ್ತು ಇನ್ನೊಂದು. ಸಂಜೆಯ ಸರದಿಗೆ ಮೆಟ್ಟಿಲುದ್ದಕ್ಕೂ ದೀಪ, ನೂರು ಮೆಟ್ಟಿಲಿಗೊಂದು ಕುಡಿಯುವ ನೀರಿನ ತೊಟ್ಟಿ, ಹೆಣ್ಣುಮಕ್ಕಳಿಗೆ ಶೌಚಾಲಯ, ಊರಿಗೆ ಮರಳಲು ತಡವಾದ ಬಸ್ಸು ಬೇಕು. ಇವು ಆಗುವ ಮೊದಲೇ, ಬರುವ ಹನುಮಮಾಲೆಯ ಹೊತ್ತಿನಿಂದಲೇ, ಮೂರೂ ದಾರಿಯಲ್ಲಿ ತಾಸಿಗೆ ಎಷ್ಟು ಜನ ಬಂದರು ಅಂತ ಬರೆದಿಡಲು ಶುರು ಮಾಡಬಹುದು. ಅದಕ್ಕೆ ಕ್ಯಾಮೆರಾ ಕೂಡ ಬೇಡ, ನಮ್ಮ ಕಾಲೇಜಿನ ಹುಡುಗ ಹುಡುಗಿಯರು ನೋಟ್‌ಬುಕ್ ಹಿಡಿದು ಕೂರಲು ತಯಾರಿದ್ದಾರೆ.